ಹಳೆಯ ಅಂಗಿಗೆ ನ್ಯಾಯವಾದ ಬೆಲೆ

ಬಟ್ಟೆ ಹಳತಾದಂತೆ ಅದರ ಬೆಲೆ ಇಳಿಯುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಮೊದಲು ಹಬ್ಬಕ್ಕೆ, ಆಮೇಲೆ ಮನೆಯಲ್ಲಿ ಉಡಲು, ಕೊನೆಗೆ ನೆಲ ಒರೆಸಲು. ಆದರೆ ಅಮೆರಿಕದಲ್ಲಿ ಹಳತಾದಂತೆ ಬೆಲೆ ಏರುವ ಒಂದು ಬಗೆಯ ಅಂಗಿಯಿದೆ. 1970 ಮತ್ತು 80ರ ದಶಕಗಳಲ್ಲಿ ರಾಕ್ ಸಂಗೀತದ ತಂಡಗಳು ಊರೂರು ಸುತ್ತಿ ಹಾಡುವಾಗ ಕೆಲವೇ ಡಾಲರಿಗೆ ಮಾರುತ್ತಿದ್ದ ಟೀ ಶರ್ಟುಗಳಿಗೆ ಇಂದು ನೂರಾರು, ಕೆಲವಕ್ಕೆ ಸಾವಿರಾರು ಡಾಲರು ಬರುತ್ತದೆ. ಗ್ರೇಟ್‌ಫುಲ್ ಡೆಡ್ ತಂಡದ 1967ರ ಶರ್ಟೊಂದು 2021ರಲ್ಲಿ ಸೋದ್‌ಬೀಸ್ ಹರಾಜಿನಲ್ಲಿ 17,640 ಡಾಲರಿಗೆ ಮಾರಾಟವಾಯಿತು.

ಇವುಗಳ ಬೆಲೆ ಕಟ್ಟುವುದೇ ಒಂದು ವಿದ್ಯೆ. ಬಲ್ಲವರು ಮೊದಲು ಕೊರಳಿನ ಒಳಗಿರುವ ಲೇಬಲನ್ನು ನೋಡುತ್ತಾರೆ. ತೋಳಿನ ಅಂಚಿನ ಹೊಲಿಗೆ ಒಂದು ಸಾಲೋ ಎರಡು ಸಾಲೋ ಎಂದು ಪರೀಕ್ಷಿಸುತ್ತಾರೆ. 1990ರ ದಶಕದ ಮಧ್ಯದವರೆಗೆ ಅಲ್ಲಿನ ಹೆಚ್ಚಿನ ಟೀ ಶರ್ಟುಗಳಿಗೆ ಒಂದೇ ಸಾಲಿನ ಹೊಲಿಗೆಯಿತ್ತು. ಚಿತ್ರದ ಕೆಳಗೆ ಅಚ್ಚಾದ ವರ್ಷವೂ ಬೆನ್ನ ಮೇಲಿನ ಊರು-ತಾರೀಕುಗಳ ಪಟ್ಟಿಯೂ ಒಂದಕ್ಕೊಂದು ತಾಳೆಯಾಗಬೇಕು. ಹಳೆಯ ಖಾಲಿ ಅಂಗಿಯ ಮೇಲೆ ಹೊಸ ಅಚ್ಚು ಹಾಕಿ, ಉಜ್ಜಿ ಮಾಸಿಸಿ ಮಾರುವವರೂ ಇದ್ದಾರೆ. ಅದು ಮೋಸ, ಅದರ ಬಗ್ಗೆ ಚರ್ಚೆ ಬೇಕಿಲ್ಲ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. ಅಂಗಿ ಅಸಲಿ, ಅದರ ಬೆಲೆ ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತಿಲ್ಲ. ತೀರಿಹೋದ ಮಗನ ಪೆಟ್ಟಿಗೆ ಖಾಲಿ ಮಾಡುತ್ತಿರುವ ತಾಯಿ ಐದು ಡಾಲರಿಗೆ ಕೊಡಲು ಸಿದ್ಧಳಿದ್ದಾಳೆ ಎಂದುಕೊಳ್ಳಿ. ಇಲ್ಲವೆ ಅದೇ ಅಂಗಿ ದಾನದ ಬಟ್ಟೆ ಮಾರುವ ಅಂಗಡಿಯಲ್ಲಿ ನೇತಾಡುತ್ತಿದೆ ಎಂದುಕೊಳ್ಳಿ. ನಮ್ಮ ಧರ್ಮಕೇಂದ್ರಗಳಿಗೆ ಪರಿಚಿತವಾದ ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಅಮೆರಿಕದಲ್ಲಿ ಇಂಥ ಅಂಗಡಿಗಳನ್ನು ನಡೆಸುತ್ತದೆ. ಅಲ್ಲಿನ ಗಳಿಕೆ ಬಡವರದು. ಬಲ್ಲವನು ಬಾಯಿ ಬಿಡಬೇಕೇ?

“ನಾನು ಸುಳ್ಳು ಹೇಳಲಿಲ್ಲ, ಕೇಳಿದಷ್ಟು ಕೊಟ್ಟೆ. ವರ್ಷಗಟ್ಟಲೆ ಅಲೆದು ಕಲಿತ ವಿದ್ಯೆಗೆ ಕೂಲಿ ಬೇಡವೇ?” ಎಂದು ಅವನು ವಾದಿಸಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕು. ಆದರೆ ಕೂಲಿ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರ ಅಜ್ಞಾನದ ಸುಲಿಗೆ ಎಲ್ಲಿ ಆರಂಭವಾಗುತ್ತದೆ?

13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನು ನೇರವಾಗಿಯೇ ವಿಚಾರಿಸಿದ್ದಾರೆ. ಒಬ್ಬನು ಚಿನ್ನವನ್ನು ಹಿತ್ತಾಳೆಯೆಂದು ತಿಳಿದು ಮಾರಿದರೆ, ಅದು ಚಿನ್ನವೆಂದು ಗೊತ್ತಿದ್ದೇ ಕೊಂಡವನು ಅನ್ಯಾಯ ಮಾಡಿದ್ದಾನೆ, ನಷ್ಟ ತುಂಬಿಕೊಡಲು ಬದ್ಧನಾಗಿದ್ದಾನೆ ಎಂಬುದು ಅವರ ತೀರ್ಮಾನ. ಅವರಿಗಿಂತ ಎಂಟು ಶತಮಾನಗಳಷ್ಟು ಹಿಂದೆಯೇ ಸಂತ ಅಗಸ್ಟೀನರು ತಮಗೆ ಗೊತ್ತಿದ್ದ ಒಬ್ಬನ ಸಂಗತಿ ಬರೆದಿದ್ದಾರೆ. ಬೆಲೆ ಅರಿಯದೆ ಅಗ್ಗಕ್ಕೆ ಮಾರಲು ಬಂದವನ ಪುಸ್ತಕಕ್ಕೆ ಆತ ನ್ಯಾಯವಾದ ಬೆಲೆಯನ್ನೇ ಕೊಟ್ಟನಂತೆ. ಮಾರಿದವನಿಗೆ ಅದು ಅನಿರೀಕ್ಷಿತವಾಗಿತ್ತು.

ಓದುಗರಲ್ಲಿ ಕೆಲವರಿಗೆ ಇಲ್ಲಿ ಸಂದೇಹ ಬರಬಹುದು. ಮತ್ತಾಯನ ಶುಭಸಂದೇಶದ ಸಾಮತಿಯಲ್ಲಿ ಹೊಲದೊಳಗೆ ನಿಧಿ ಕಂಡವನು ಅದನ್ನು ಮುಚ್ಚಿಟ್ಟು ಹೊಲವನ್ನು ಕೊಂಡನಲ್ಲವೇ? ನಿಜ. ಆದರೆ ಆ ಸಾಮತಿ ಹೊಲ ಕೊಳ್ಳುವ ರೀತಿಯನ್ನು ಕಲಿಸಲು ಹೇಳಿದ್ದಲ್ಲ. ಸ್ವರ್ಗಸಾಮ್ರಾಜ್ಯಕ್ಕಾಗಿ ತನಗಿದ್ದುದನ್ನೆಲ್ಲಾ ಮಾರಿದವನ ಸಂತೋಷವೇ ಅದರ ಸಾರ. ಅದನ್ನು ನಮ್ಮ ವ್ಯಾಪಾರಕ್ಕೆ ರಕ್ಷೆಯಾಗಿ ಹಿಡಿಯುವುದು ಸರಿಯಲ್ಲ.

ಹಾಗಾದರೆ ಅಂಗಡಿಗೂ ಆ ತಾಯಿಗೂ ಒಂದೇ ನ್ಯಾಯವೇ? ಸ್ವಲ್ಪ ವ್ಯತ್ಯಾಸವಿದೆ. ಅಂಗಡಿಯವರು ದಿನವೂ ರಾಶಿ ಬಟ್ಟೆಗೆ ಬೆಲೆ ಹಚ್ಚುತ್ತಾರೆ. ಹೆಚ್ಚು ಬೆಲೆಯದೊಂದು ಕೈತಪ್ಪಿ ಹೋಗಬಹುದೆಂದು ಅವರಿಗೂ ಗೊತ್ತು. ಅಲ್ಲಿ ಸಣ್ಣ ಲಾಭವನ್ನು ಹುಡುಕಾಟದ ಕೂಲಿ ಎನ್ನಬಹುದು. ಐದು ಡಾಲರಿನದು ಸಾವಿರಕ್ಕೆ ಹೋದರೆ ಮಾತ್ರ ಬಡವರ ಪಾಲನ್ನು ಹಿಂದಿರುಗಿಸುವುದೇ ಧರ್ಮ. ಆ ತಾಯಿಯಾದರೋ ಎದುರಿಗಿದ್ದವನನ್ನೇ ನಂಬಿ “ಇದಕ್ಕೆ ಎಷ್ಟು ಬರಬಹುದು?” ಎಂದು ಕೇಳುತ್ತಾಳೆ. ಆ ಕ್ಷಣದಿಂದ ಅವನು ಬರಿಯ ಗಿರಾಕಿಯಲ್ಲ, ಬೆಲೆ ಕಟ್ಟುವ ಸಾಕ್ಷಿ. ನಿಜವಾದ ಬೆಲೆ ಹೇಳಿ, ಮಾರಿಕೊಡುವ ಶ್ರಮಕ್ಕೆ ಒಪ್ಪಿದಷ್ಟು ಪಾಲು ಕೇಳಿ ಪಡೆಯಲಿ. ಆಗ ವಿದ್ಯೆಗೂ ಕೂಲಿ ಸಿಕ್ಕಿತು, ನಂಬಿಕೆಯೂ ಉಳಿಯಿತು.

ಇದು ದೂರದ ದೇಶದ ಮಾತೆಂದು ಬಿಡುವಂತಿಲ್ಲ. ಹಳೆಯ ಜರತಾರಿ ಸೀರೆ ಕೊಳ್ಳುವವರು ನಮ್ಮ ಬೀದಿಗಳಲ್ಲೂ ಕೂಗುತ್ತಾ ಬರುತ್ತಾರೆ. ಜರಿಯಲ್ಲಿ ಎಷ್ಟು ಬೆಳ್ಳಿಯಿದೆಯೆಂದು ಅವರಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ಕೊಳ್ಳುವಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಾಳೆ ಮಾರಿದವರಿಗೆ ನಿಜ ತಿಳಿದರೆ, ನಾನು ಅವರ ಮನೆಯ ಮುಂದೆ ತಲೆಯೆತ್ತಿ ನಡೆಯಬಲ್ಲೆನೇ? ಹೌದಾದರೆ ಕೊಟ್ಟ ಬೆಲೆ ನ್ಯಾಯವಾದದ್ದೇ.