ದಾಸೋಹವೂ ಧರ್ಮಸಂಸ್ಥೆಯೂ

ಧರ್ಮಕ್ಕೆಂದು ಎತ್ತಿಟ್ಟ ಹಣವನ್ನು ಸಂಸ್ಥೆಯೊಂದಕ್ಕೆ ಒಪ್ಪಿಸಿ ರಸೀತಿ ಪಡೆದೊಡನೆ ಗೃಹಸ್ಥನ ದಾಸೋಹವು ಮುಗಿಯಿತೆ? ಇದನ್ನು ವಿಚಾರಿಸಲು ಬೆಂಗಳೂರಿನ ಹಳೆಯ ಪೇಟೆಯೇ ತಕ್ಕ ಸ್ಥಳ. ಅಲ್ಲಿಯ ತರಗುಪೇಟೆ ದವಸಧಾನ್ಯದ ವ್ಯಾಪಾರಕ್ಕೆ ಹೆಸರಾದುದು. ಅದೇ ಹಳೆಯ ಊರಿನ ಮಾಮೂಲುಪೇಟೆಯಲ್ಲಿ ಅಂಗಡಿಯಿಟ್ಟಿದ್ದ ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಟ್ಟರು. ರೈಲು ನಿಲ್ದಾಣದ ಬಳಿ ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಮಕ್ಕಳಿಲ್ಲದ ತೋಟದಪ್ಪನವರು ಆಸ್ತಿಯನ್ನು ಧರ್ಮದರ್ಶಿಗಳ ಮಂಡಲಿಗೆ ವಹಿಸಿ 1910ರಲ್ಲಿ ಲಿಂಗೈಕ್ಯರಾದರು. ಕೆ.ಪಿ. ಪುಟ್ಟಣ್ಣಚೆಟ್ಟಿಯವರು ಮಂಡಲಿಯ ಮೊದಲ ಅಧ್ಯಕ್ಷರಾದರು. ಕೊಟ್ಟವರು ಅಳಿದ ಮೇಲೂ ಧರ್ಮವು ಉಳಿಯಬೇಕಾದರೆ ಹಲವರು ಹೊಣೆ ಹೊರಬೇಕೆಂಬುದಕ್ಕೆ ಇದು ನಿದರ್ಶನ.

ಅನ್ಯದೇಶಗಳೂ ಇದನ್ನು ಅರಿತಿವೆ. ಧರ್ಮನಿಧಿಗಳ ದುರುಪಯೋಗವನ್ನು ವಿಚಾರಿಸಲು ಇಂಗ್ಲೆಂಡಿನಲ್ಲಿ 1601ರಲ್ಲಿಯೇ ಶಾಸನವಾಯಿತು. 1853ರಲ್ಲಿ ಅವುಗಳ ಮೇಲ್ವಿಚಾರಣೆಗೆ ಆಯೋಗವೂ ಏರ್ಪಟ್ಟಿತು. ಭಾರತದಲ್ಲಿ ಸಂಘಗಳ ನೋಂದಣಿಯ ಕಾಯಿದೆ 1860ರಲ್ಲಿ ಬಂದಿತು. ಕೊಟ್ಟ ಹಣವು ಉದ್ದೇಶಿತ ಕಾರ್ಯಕ್ಕೇ ವೆಚ್ಚವಾಯಿತೆ ಎಂಬುದು ಇಂಥ ಶಾಸನಗಳು ಕೇಳುವ ಮುಖ್ಯ ಪ್ರಶ್ನೆ. ಅದು ಅವಶ್ಯವಾದ ಪ್ರಶ್ನೆಯೇ ಸರಿ.

ಆದರೆ ಶರಣರ ಪ್ರಶ್ನೆ ಅದಕ್ಕೂ ಮುಂಚಿನದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ಹೇಳಿದರು. ಆ ಅಕ್ಕಿಯೂ ಜಂಗಮಕ್ಕೇ ಸಲ್ಲತಕ್ಕುದಾಗಿತ್ತು, ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದುದು ಕೂಡಿಡುವ ಆಸೆಯಲ್ಲಿ.

ಹಾಗಾದರೆ ವಿದ್ಯಾರ್ಥಿನಿಲಯವನ್ನು ನಡೆಸುವವರು ನಾಳೆಗೆಂದು ನಿಧಿಯನ್ನು ಇಡಬಾರದೆ? ಇಡಬಹುದು. ಇಂಥ ಕಾರ್ಯಕ್ಕೆಂದು ಗೊತ್ತಾದುದು ಹೆಚ್ಚಿನದಲ್ಲ. ಕಾರ್ಯವು ಕುಗ್ಗಿ ನಿಧಿಯು ಬೆಳೆಯುತ್ತಿದ್ದರೆ ಮಾತ್ರ ಸಂಸ್ಥೆಯೊಳಗೆ ಲಕ್ಕಮ್ಮನವರ ಮಾತು ಕೇಳಿಬರಬೇಕು. ಅದನ್ನು ಆಡುವ ಧೈರ್ಯವುಳ್ಳ ಒಬ್ಬರಾದರೂ ಮಂಡಲಿಯಲ್ಲಿರಬೇಕು.

ಕೊಡುವವನಿಗೂ ಇದೇ ಮಾತು ಸಲ್ಲುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಕಡಿಮೆ ತೂಗಿ ಉಳಿಸಿದ ಧಾನ್ಯವನ್ನು ಮಠದ ಕಣಜಕ್ಕೆ ಸುರಿದರೆ ಅದು ದಾಸೋಹವಾಗದು. ಕೊಂಡವನ ಅನ್ನವನ್ನೇ ಅವನ ಹೆಸರಿಲ್ಲದೆ ಹಂಚಿದಂತಾದೀತು. ಸತ್ಯಶುದ್ಧ ಕಾಯಕದಲ್ಲಿ ಮೊದಲಾಗದ ದಾಸೋಹವನ್ನು ಯಾವ ಸಂಸ್ಥೆಯೂ ಪೂರ್ಣಗೊಳಿಸಲಾರದು. ರಸೀತಿಯು ಹಣ ಸಂದುದಕ್ಕೆ ಸಾಕ್ಷಿ. ಅದು ಬಂದ ದಾರಿಗೆ ಗೃಹಸ್ಥನ ಅಂತರಂಗವೇ ಸಾಕ್ಷಿ ನುಡಿಯಬೇಕು.