ಅಂಜಿಕೆಯೊಳಗಿನ ಧೈರ್ಯ

ಶರಣಮಾರ್ಗದಲ್ಲಿ 'ವೀರ' ಎಂಬ ಪದಕ್ಕೆ ಬಹು ದೊಡ್ಡ ಅರ್ಥವುಂಟು. ಕತ್ತಿ ಹಿಡಿದು ಕಾದುವವನು ಮಾತ್ರವೇ ವೀರನಲ್ಲ. ಹಿಡಿದ ನಿಷ್ಠೆಯನ್ನು ಪ್ರಾಣಸಂಕಟದಲ್ಲಿಯೂ ಬಿಡದವನು ವೀರನು. ಷಟ್‌ಸ್ಥಲಗಳಲ್ಲಿ ಎರಡನೆಯದಾದ ಮಹೇಶ್ವರಸ್ಥಲಕ್ಕೆ ನಿಷ್ಠಾಭಕ್ತಿಯೇ ಲಕ್ಷಣವೆಂದು ಹೇಳಿದೆ. ಆದರೆ ಇದನ್ನು ಕೇಳಿದ ಗೃಹಸ್ಥನ ಮನದಲ್ಲಿ ಒಂದು ಸಂದೇಹ ಏಳುವುದು ಸಹಜ: ಎದೆ ನಡುಗುವವನಿಗೆ, ಮಡದಿಮಕ್ಕಳ ಮುಖ ನೋಡಿ ಕುಗ್ಗುವವನಿಗೆ ಈ ವೀರತ್ವವು ದಕ್ಕೀತೆ? ಇದಕ್ಕೆ ಉತ್ತರವು ಮಹಾಭಾರತದ ಆದಿಪರ್ವದಲ್ಲಿ ಬರುವ, ಹೆಸರೇ ಇಲ್ಲದ ಒಬ್ಬ ಗೃಹಸ್ಥನ ಕಥೆಯಲ್ಲಿದೆ.

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಹಿಂದಿನ ಏಕಚಕ್ರನಗರವೆಂದು ಆ ಸೀಮೆಯ ಜನರ ನಂಬಿಕೆ. ಅಲ್ಲಿಯ ಭೀಮಲಿಂಗೇಶ್ವರನ ಗುಡಿಯು ಆ ನಂಬಿಕೆಗೆ ಗುರುತಾಗಿ ನಿಂತಿದೆ. ಅರಗಿನ ಮನೆಯಿಂದ ಪಾರಾದ ಪಾಂಡವರು ತಾಯಿ ಕುಂತಿಯೊಡನೆ ಏಕಚಕ್ರದ ಒಬ್ಬ ಬ್ರಾಹ್ಮಣನ ಮನೆಯಲ್ಲಿ ವೇಷ ಮರೆಸಿಕೊಂಡು ತಂಗಿದ್ದರು. ಆ ಊರಿಗೆ ಬಕಾಸುರನ ಕಾಟ. ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಒಯ್ಯುವ ಒಬ್ಬ ಮನುಷ್ಯ, ಇಷ್ಟನ್ನು ಸರದಿಯ ಮೇಲೆ ಒಂದೊಂದು ಮನೆಯವರು ಒಪ್ಪಿಸಬೇಕು. ಸರದಿ ಬಾರದ ಮನೆಗಳಿಗೆ ಅದು ತಮ್ಮ ಸಂಕಟವಲ್ಲ. ಭಯವೇ ಊರಿನ ಕಟ್ಟಳೆಯಾಗಿ ಹೋಗಿತ್ತು.

ಒಂದು ದಿನ ಆ ಬ್ರಾಹ್ಮಣನ ಮನೆಗೇ ಸರದಿ ಬಂದಿತು. ಅವನು ಎದೆಗಾರನಲ್ಲ. ಮೊದಲೇ ಈ ಊರನ್ನು ಬಿಟ್ಟಿದ್ದರೆ ಉಳಿಯುತ್ತಿದ್ದೆವೆಂದು ಹೆಂಡತಿಯ ಮುಂದೆ ಹಲುಬಿದನು, ಅತ್ತನು. ಹೆಂಡತಿಯು ತಾನು ಹೋಗುವೆನೆಂದಳು. ಮಗಳು, ಎಂದಾದರೂ ಈ ಮನೆಯನ್ನು ಬಿಟ್ಟುಹೋಗುವವಳು ತಾನೆ, ಇಂದೇ ಹೋಗುವೆನೆಂದಳು. ಇನ್ನೂ ತೊದಲುನುಡಿಯ ಮಗನು ಹುಲ್ಲುಕಡ್ಡಿಯೊಂದನ್ನು ಹಿಡಿದು, ಇದರಿಂದಲೇ ರಕ್ಕಸನನ್ನು ಕೊಲ್ಲುವೆನೆಂದನು. ಆ ದುಃಖದ ನಡುವೆಯೂ ಹೆತ್ತವರಿಗೆ ಹರ್ಷವಾಯಿತು. ಎಲ್ಲರಿಗೂ ಭಯ, ಆದರೂ ಒಬ್ಬರಾದರೂ ಮತ್ತೊಬ್ಬರ ಕಡೆಗೆ ಬೆರಳು ತೋರಲಿಲ್ಲ.

ಇದೆಲ್ಲವೂ ಕುಂತಿಯ ಕಿವಿಗೆ ಬಿದ್ದಿತು. ತನಗೆ ಐವರು ಮಕ್ಕಳು, ಅವರಲ್ಲೊಬ್ಬನು ಹೋಗಲೆಂದು ಆಕೆಯು ತಾನಾಗಿಯೇ ಮುಂದೆ ಬಂದಳು. ಬದುಕುವ ದಾರಿಯು ಬಾಗಿಲಿಗೇ ಬಂದು ನಿಂತ ಗಳಿಗೆಯದು. ಆಗ ಆ ಅಂಜುಕುಳಿ ಗೃಹಸ್ಥನು ಏನು ಮಾಡಿದನು? ತನ್ನ ಜೀವ ಉಳಿಸಿಕೊಳ್ಳಲು ಅತಿಥಿಯ ಮಗನನ್ನು ಕೊಲ್ಲಿಸಲಾರೆನೆಂದು ಒಲ್ಲೆನೆಂದನು. ಭೀಮನ ಬಲವನ್ನು ಅವನು ಆಗ ಅರಿತಿರಲಿಲ್ಲ ಎಂಬುದನ್ನು ಸದ್ಭಕ್ತರು ಗಮನಿಸಬೇಕು. ತನ್ನ ಮಗನು ಸಾಮಾನ್ಯನಲ್ಲವೆಂದು ಕುಂತಿಯು ಮನಗಾಣಿಸಿದ ಮೇಲೆಯೇ ಅವನು ಒಪ್ಪಿದನು. ಭೀಮನು ಬಕನನ್ನು ಕೊಂದುದನ್ನು ಜಗತ್ತು ಹೊಗಳುತ್ತದೆ. ಆದರೆ ಭೀಮನು ಬಂಡಿ ಹೂಡುವ ಮೊದಲೇ ಆ ಮನೆಯಲ್ಲಿ ಒಂದು ಗೆಲವು ಆಗಿಹೋಗಿತ್ತು.

ಅಂಜಿಕೆಯು ದೇಹದ ಧರ್ಮ. ಹಸಿವು ನಿದ್ರೆಗಳಂತೆ ಅದೂ ಬರುತ್ತದೆ. ಅದು ಬಂದಿತೆಂದು ಭಕ್ತನು ನಾಚಬೇಕಾದುದಿಲ್ಲ. ಬಸವಣ್ಣನವರು ತಮ್ಮ ಮನದ ಚಂಚಲತೆಯನ್ನು ಮುಚ್ಚಿಡದೆ ಅನೇಕ ವಚನಗಳಲ್ಲಿ ಕೂಡಲಸಂಗಮದೇವನಿಗೆ ನಿವೇದಿಸಿಕೊಂಡಿದ್ದಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಭಯ ಬಂದಾಗ ಅದು ಯಾರನ್ನು ಮುಂದಕ್ಕೆ ನೂಕುತ್ತದೆ? ನೆರೆಯವನನ್ನು ನೂಕಿದರೆ ಅದು ಹೇಡಿತನ. ನಡುಗುತ್ತಲೇ ತಾನು ಮುಂದೆ ನಿಂತರೆ ಅದೇ ಧೈರ್ಯ. ತನು ಮನ ಧನಗಳನ್ನು ಗುರು ಲಿಂಗ ಜಂಗಮಕ್ಕೆ ಅರ್ಪಿಸಿದೆನೆಂದು ಬಾಯಲ್ಲಿ ನುಡಿದವನಿಗೆ ಇದೇ ಒರೆಗಲ್ಲು.

ಇದು ಪುರಾಣಕಾಲಕ್ಕೆ ಮುಗಿದ ಮಾತಲ್ಲ. ಅದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಇಸವಿಯ ಏಪ್ರಿಲ್ 25ರಂದು, ನಿಷೇಧಾಜ್ಞೆಯಿದ್ದರೂ ರಾಷ್ಟ್ರಧ್ವಜಕ್ಕಾಗಿ ಜನರು ನೆರೆದರು. ಪೊಲೀಸರ ಗುಂಡಿಗೆ ಬಿದ್ದವರು ಸರಕಾರದ ಲೆಕ್ಕದಲ್ಲಿ 10 ಮಂದಿ. ಜನರು ನೆನೆಯುವ ಲೆಕ್ಕ 32. ಅವರು ಭೀಮಬಲದವರಲ್ಲ, ಸಾಮಾನ್ಯ ಜನರು. ಇಂದು ತಮ್ಮ ಸರದಿಯಲ್ಲವೆಂದು ಅವರು ಮನೆಯಲ್ಲಿ ಉಳಿಯಬಹುದಾಗಿತ್ತು, ಉಳಿಯಲಿಲ್ಲ.

ಗೃಹಸ್ಥನಿಗೆ ಬಕಾಸುರನು ಬೇರೆ ರೂಪಗಳಲ್ಲಿ ಎದುರಾಗುತ್ತಾನೆ. ದಿಕ್ಕಿಲ್ಲದ ವಿಧವೆಯ ಹೊಲದ ಬದುವನ್ನು ಬಲವಂತನು ಒತ್ತುವಾಗ ಪಂಚಾಯತಿಯಲ್ಲಿ ಎಲ್ಲರೂ ತಲೆ ತಗ್ಗಿಸುತ್ತಾರೆ. ಸಂತೆಯಲ್ಲಿ ಬಡವನ ತೂಕಕ್ಕೆ ಮೋಸವಾದಾಗ ಕಂಡವರು ಕಾಣದಂತೆ ಸರಿಯುತ್ತಾರೆ. ಅಲ್ಲಿ ಒಬ್ಬನು ಎದ್ದು, ಧ್ವನಿ ನಡುಗಿದರೂ, ಕಂಡುದನ್ನು ಕಂಡಂತೆ ನುಡಿದರೆ ಅದು ಇಷ್ಟಲಿಂಗಪೂಜೆಯಿಂದ ಬೇರೆಯಾದ ಕಾರ್ಯವಲ್ಲ. ಅಂಗೈಯ ಲಿಂಗದ ಮುಂದೆ ಪ್ರತಿದಿನ ನಿಲ್ಲಿಸಿದ ಮನಸ್ಸು ಊರ ಮುಂದೆಯೂ ನಿಂತಿತೆಂದು ಅದರ ಅರ್ಥ.

ಅಂಜಿಕೆಯೇ ಬಾರದಿರಲೆಂದು ಬೇಡುವುದು ಬೇಡ. ಅಂಜಿಕೆ ಬಂದ ಹೊತ್ತಿನಲ್ಲಿ ನೆರೆಯವನ ಹಿಂದೆ ಅಡಗದ ನಿಷ್ಠೆಯನ್ನು ಪರಶಿವನು ಸರ್ವರಿಗೂ ಕರುಣಿಸಲಿ.