ರಿಜಿಸ್ಟರಿನಲ್ಲಿ ಹತ್ತೊಂಬತ್ತು

2024ರ ಮೇ 19ರ ಬೆಳಗಿನ ಜಾವ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಶೆ ಕಾರು ಬೈಕಿಗೆ ಗುದ್ದಿ ಇಬ್ಬರು ಎಳೆಯ ಎಂಜಿನಿಯರುಗಳು ಸತ್ತ ಸುದ್ದಿ ನೀವೂ ಊರಲ್ಲಿ ಟೀವಿಯಲ್ಲಿ ನೋಡಿರುತ್ತೀರಿ. ಹುಡುಗ ಕುಡಿದಿದ್ದ ಅಂತ ಪೊಲೀಸರು ಹೇಳಿದರು. ಬಾಲ ನ್ಯಾಯ ಮಂಡಳಿ ಅದೇ ದಿನ ಅವನಿಗೆ ಜಾಮೀನು ಕೊಟ್ಟು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆದುಕೊಂಡು ಬಾ ಅಂದಿತು. ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಸಂಜೆ ಕೂರುವ ನಾಲ್ಕು ಮುದುಕರಲ್ಲಿ ಆ ವಾರವಿಡೀ ಬೇರೆ ಮಾತೇ ಇರಲಿಲ್ಲ. "ಎರಡು ಜೀವಕ್ಕೆ ಮುನ್ನೂರು ಪದ, ತಲೆಗೆ ನೂರೈವತ್ತು" ಅಂತ ಒಬ್ಬರು ಲೆಕ್ಕ ಹಾಕಿದರು. ಎಲ್ಲರೊಂದಿಗೆ ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಊಟ ಸೇರಲಿಲ್ಲ.

ಕಾರಣ ಹೇಳುತ್ತೇನೆ. ನಾನು ಮುಂಬಯಿಯ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಇಪ್ಪತ್ತೆಂಟು ವರ್ಷ ಕುಳಿತವನು. ಅಲ್ಲಿ ನನ್ನ ಕಣ್ಣೆದುರೇ ಇಬ್ಬರು ಹುಡುಗರು ಕದ್ದು ಸಿಕ್ಕಿಬಿದ್ದರು.

ಮೊದಲನೆಯವನು ನಮ್ಮ ಕಾರ್ಕಳದ ಕಡೆಯವ. ಎಂಬತ್ತರ ದಶಕದ ಮಾತು. ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಬಂದಿದ್ದ, ಟೇಬಲ್ ಒರೆಸುವ ಕೆಲಸ. ಒಂದು ಮಧ್ಯಾಹ್ನ ನಾನು ಕೈತೊಳೆಯಲು ಎದ್ದಾಗ ಗಲ್ಲೆಯಿಂದ ಇನ್ನೂರು ರೂಪಾಯಿ ಎತ್ತಿದ. ಧಣಿಗಳು ಕೆನ್ನೆಗೆ ಎರಡು ಕೊಟ್ಟರು. ಆ ರಾತ್ರಿ ಅವನಿಗೆ ಊಟವಿಲ್ಲ ಅಂದರು, ಆಮೇಲೆ ತಾವೇ ಕರೆದು ಬಡಿಸಿದರು. ಅವನ ತಾಯಿಗೆ ನನ್ನಿಂದ ಕಾಗದ ಬರೆಸಿದರು, ಕಳವಿನ ಸುದ್ದಿ ಮಾತ್ರ ಅದರಲ್ಲಿ ಬೇಡ ಅಂದರು. ಮುಂದಿನ ತಿಂಗಳಿಂದ ಅವನನ್ನು ಕನ್ನಡ ರಾತ್ರಿ ಶಾಲೆಗೆ ಹಾಕಿದರು. ಇವತ್ತು ಅವನು ಠಾಣೆಯಲ್ಲಿ ಕ್ಯಾಂಟೀನು ನಡೆಸುತ್ತಾನೆ. ಸಿಕ್ಕಾಗ "ಅಣ್ಣೇರೇ" ಅಂತ ಕೈಮುಗಿಯುತ್ತಾನೆ, ನಾವಿಬ್ಬರೂ ಆ ಸಂಗತಿ ಎತ್ತುವುದಿಲ್ಲ.

ಎರಡನೆಯವನು 2003ರಲ್ಲಿ. ಅಷ್ಟು ಹೊತ್ತಿಗೆ ಊರಿನ ಹುಡುಗರು ಹೋಟೆಲಿಗೆ ಬರುವುದು ಕಡಿಮೆಯಾಗಿ, ಬಿಹಾರದ ಹುಡುಗರು ಬರುತ್ತಿದ್ದರು. ಇವನಿಗೆ ಮೀಸೆ ಚಿಗುರಿರಲಿಲ್ಲ, ಹದಿನೈದಿರಬೇಕು. ನಾಲ್ಕು ಸಾವಿರದ ಇನ್ನೂರು ರೂಪಾಯಿ ಅವನ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಳೆಯ ಧಣಿಗಳು ತೀರಿಹೋಗಿದ್ದರು. ಅವರ ಮಗ "ಸ್ಟೇಷನ್ನಿಗೆ ಕೊಟ್ಟುಬಿಡಿ, ಉಳಿದವರಿಗೂ ಬುದ್ಧಿ ಬರಲಿ" ಅಂದ. ಕೊಟ್ಟುಬರಲು ಹೋದದ್ದು ನಾನು.

ಅಲ್ಲಿ ವಯಸ್ಸೆಷ್ಟು ಅಂತ ಕೇಳಿದರು. ಹೋಟೆಲಿನ ರಿಜಿಸ್ಟರನ್ನು ನಾನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಅದರಲ್ಲಿ ಅವನಿಗೆ ಹತ್ತೊಂಬತ್ತು. ಕಾರ್ಮಿಕ ಇಲಾಖೆಯವರು ಬಂದಾಗ ತಕರಾರು ಬೇಡ ಅಂತ ಮೀಸೆ ಬಾರದ ಹುಡುಗರಿಗೆಲ್ಲ ನಾವು ಹತ್ತೊಂಬತ್ತು ಅಂತಲೇ ಬರೆಯುತ್ತಿದ್ದೆವು. ಅಕ್ಷರ ನನ್ನದೇ. ಹುಡುಗ ನನ್ನ ಮುಖ ನೋಡಿದ. ನಾನು ರಿಜಿಸ್ಟರು ತೆರೆದು ಬೆರಳಿಟ್ಟು ತೋರಿಸಿದೆ. ದೊಡ್ಡವರ ಜತೆ ಅವನನ್ನು ಲಾಕಪ್ಪಿಗೆ ಹಾಕಿದರು. ಆಮೇಲೆ ಅವನೇನಾದ ಅಂತ ನಾನು ವಿಚಾರಿಸಲಿಲ್ಲ.

ಆಗ ಕಾನೂನು ಇರಲಿಲ್ಲವೇ ಅಂದರೆ, ಇತ್ತು. ಮುಂಬಯಿಗಂತೂ ಇದು ಹೊಸ ವಿಷಯವೂ ಅಲ್ಲ, ಬಾಂಬೆ ಮಕ್ಕಳ ಕಾಯಿದೆ 1924ರದು. ಡೋಂಗ್ರಿಯ ಉಮರ್‌ಖಾಡಿಯಲ್ಲಿ ಹಳೆಯ ಜೈಲಿನ ಆವರಣದಲ್ಲೇ ಮಕ್ಕಳ ಗೃಹ ಇದೆ. ಬೀದಿ ಹುಡುಗರ ಬಾಯಲ್ಲಿ ಅದು 'ಚಿಲ್ಲರ್ ರೂಮ್'. ಚಿಲ್ಡ್ರನ್ ಅನ್ನುವುದು ಅವರ ನಾಲಗೆಯಲ್ಲಿ ಚಿಲ್ಲರೆಯಾಯಿತೋ ಏನೋ, ಹೆಸರು ಮಾತ್ರ ಸರಿಯಾಗಿಯೇ ಕೂತಿದೆ. 2000ದ ಬಾಲ ನ್ಯಾಯ ಕಾಯಿದೆ ಗಂಡು ಹೆಣ್ಣು ಇಬ್ಬರಿಗೂ ಹದಿನೆಂಟರ ಗೆರೆ ಎಳೆದಿತ್ತು, ಅದಕ್ಕೆ ಮೊದಲು ಗಂಡುಹುಡುಗರಿಗೆ ಹದಿನಾರೇ ಇತ್ತು. ಹದಿನೆಂಟರ ಒಳಗಿನವನನ್ನು ಲಾಕಪ್ಪಿಗೂ ಹಾಕಬಾರದು, ಜೈಲಿಗೂ ಹಾಕಬಾರದು. ಅವನಿಗೆ ಜಾಮೀನು ಕೊಡುವುದೇ ನಿಯಮ, ಕೊಡದಿರಲು ಕಾರಣ ಬೇಕು. ಪುಣೆಯ ಹುಡುಗನಿಗೆ ಸಿಕ್ಕಿದ ಜಾಮೀನೂ ಇದೇ ನಿಯಮದಿಂದ ಬಂದದ್ದು. ನಾನು ಬೆರಳಿಟ್ಟು ತೋರಿಸಿದ ಆ ಹತ್ತೊಂಬತ್ತು, ಇದಿಷ್ಟನ್ನೂ ಆ ಬಿಹಾರದ ಹುಡುಗನಿಂದ ಕಿತ್ತುಕೊಂಡಿತು.

ಹಾಗಾದರೆ ನಮಗೆ ಸಿಟ್ಟು ಬಂದದ್ದು ಯಾತಕ್ಕೆ? ಕಾನೂನು ಮೆತ್ತಗಾಯಿತು ಅಂತಲೋ, ಅಥವಾ ಆ ಮೆತ್ತಗಿನ ಕೈ ಯಾವಾಗಲೂ ಒಂದೇ ಬೆನ್ನನ್ನು ಸವರುತ್ತದೆ ಅಂತಲೋ? ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ಪುಣೆಯ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದರು ಎಂಬ ಆರೋಪದ ಮೇಲೆ ವೈದ್ಯರೂ ತಂದೆತಾಯಿಯೂ ಬಂಧನಕ್ಕೊಳಗಾದರು. ಅಷ್ಟೆಲ್ಲ ಸುದ್ದಿ ಕೇಳಿದ ಮೇಲೆ ಆ ಪ್ರಬಂಧದಲ್ಲಿ ದಯೆಯನ್ನು ಕಾಣುವುದು ಯಾರಿಗಾದರೂ ಕಷ್ಟವೇ. ಆದರೆ ಸಿಟ್ಟಿನಲ್ಲಿ ನಾವು ಕೇಳಿದ್ದೇನು? ಉಳಿದ ಹುಡುಗರಿಗೂ ಪ್ರಬಂಧ ಬರೆಸಿ ಅಂತ ಕೇಳಲಿಲ್ಲ, ಇವನನ್ನೂ ಜೈಲಿಗೆ ಹಾಕಿ ಅಂತ ಕೇಳಿದೆವು.

ಇದು ಎರಡನೇ ಸಲ. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಆ ಬಸ್ಸಿನ ಘಟನೆಯಾದಾಗ, ಆರು ಮಂದಿಯಲ್ಲಿ ಒಬ್ಬನಿಗೆ ಹದಿನೆಂಟು ತುಂಬಿಲ್ಲ, ಮೂರು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಅಂದಾಗ ನಾನೂ ಕುದಿದುಹೋಗಿದ್ದೆ. ನ್ಯಾಯಮೂರ್ತಿ ವರ್ಮಾ ಸಮಿತಿ ವಯಸ್ಸಿನ ಗೆರೆ ಇಳಿಸುವುದು ಬೇಡ ಅಂತಲೇ ಹೇಳಿತ್ತು. 2015ರ ಡಿಸೆಂಬರಿನಲ್ಲಿ ಆ ಹುಡುಗ ಬಿಡುಗಡೆಯಾದ ಎರಡೇ ದಿನಕ್ಕೆ ರಾಜ್ಯಸಭೆ ಹೊಸ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಹದಿನಾರು ದಾಟಿದವನು ಘೋರ ಅಪರಾಧ ಮಾಡಿದರೆ, ಅವನ ಮನಸ್ಸು ಎಷ್ಟು ಬಲಿತಿತ್ತು ಅಂತ ಮಂಡಳಿ ಅಳೆದು ನೋಡಿ, ದೊಡ್ಡವರ ಹಾಗೇ ವಿಚಾರಣೆಗೆ ಕಳಿಸಬಹುದು. ಆ ದಿನ ಹುಡುಗನ ತಲೆಯಲ್ಲಿ ಏನಿತ್ತು ಅಂತ ತಿಂಗಳುಗಳ ನಂತರ ಯಾವ ತಕ್ಕಡಿಯಲ್ಲಿ ತೂಗುತ್ತಾರೋ ನನಗಂತೂ ಅರ್ಥವಾಗಿಲ್ಲ. ಸ್ವಂತ ಮೊಮ್ಮಗನ ತಲೆಯಲ್ಲಿ ಈ ಹೊತ್ತು ಏನಿದೆ ಅಂತಲೇ ನನಗೆ ತಿಳಿಯುವುದಿಲ್ಲ.

ಆ ಕಾಯಿದೆಯಲ್ಲೂ ಒಂದು ಸಂದು ಉಳಿಯಿತು. ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಅಪರಾಧವಷ್ಟೇ ಘೋರ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಹದಿನೆಂಟು ತುಂಬದ ಹುಡುಗ ದಿಲ್ಲಿಯಲ್ಲಿ ಕಾರು ಗುದ್ದಿಸಿ ಒಬ್ಬನ ಜೀವ ತೆಗೆದ ಪ್ರಕರಣವೇ. ಪುಣೆಯ ಹುಡುಗನನ್ನು ದೊಡ್ಡವನೆಂದು ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು. ಸತ್ತ ಮಕ್ಕಳ ಹೆತ್ತವರ ಮುಂದೆ ನಿಂತು ಇದು ಸರಿ ಅನ್ನುವ ಧೈರ್ಯ ನನಗಿಲ್ಲ. ಆದರೆ ಹೆಂಡತಿ ಮಕ್ಕಳೆದುರು "ತಪ್ಪು" ಅನ್ನಲೂ ಆಗಲಿಲ್ಲ, ಆ ರಿಜಿಸ್ಟರು ಅಡ್ಡ ಬರುತ್ತದೆ.

ನಮ್ಮ ಹಳೆಯ ಧಣಿಗಳು ಕಾನೂನು ಓದಿದವರಲ್ಲ. ಕಾರ್ಕಳದ ಹುಡುಗನ ತಾಯಿ ಯಾರು, ಮನೆ ಯಾವುದು ಅಂತ ಅವರಿಗೆ ಗೊತ್ತಿತ್ತು. ಮುಂದಿನ ಸಲ ಊರಿಗೆ ಹೋದಾಗ ಆ ತಾಯಿಯ ಮುಖ ನೋಡಬೇಕಿತ್ತು. ಆ ದಯೆಗೆ ಅಷ್ಟೇ ಆಧಾರ. ಬಿಹಾರದ ಹುಡುಗನ ತಾಯಿಯ ಮುಖ ನಾವ್ಯಾರೂ ಎಂದೂ ನೋಡಬೇಕಾಗಿರಲಿಲ್ಲ. ಬೆನ್ನಿಗೆ ಯಾರೂ ಇಲ್ಲದ ಅಂಥವನಿಗೆ ಧಣಿಯ ಹಾಗೆ, ಊರಿನವರ ಹಾಗೆ ನಿಲ್ಲಲಿ ಅಂತಲೇ ಬಾಲ ನ್ಯಾಯದ ಕಾನೂನು ಮಾಡಿದ್ದು ಅಂತ ನಾನು ತಿಳಿದಿದ್ದೇನೆ. ಪರವೂರಿನಲ್ಲಿ ಐವತ್ತು ವರ್ಷ ನಮ್ಮವರು ನಮ್ಮವರನ್ನು ಹೇಗೆ ಕಾಪಾಡಿದರು ಅಂತ ನಾವು ಸಂಘದ ಸಭೆಗಳಲ್ಲಿ ಭಾಷಣ ಮಾಡುತ್ತೇವೆ, ಅದು ಸುಳ್ಳಲ್ಲ. ನಮ್ಮವರಲ್ಲದವರ ಲೆಕ್ಕ ಯಾರೂ ಬರೆದಿಟ್ಟಿಲ್ಲ.

ಹೋದ ವರ್ಷ ಆ ಬೀದಿಗೆ ಹೋಗಿದ್ದೆ. ಹೋಟೆಲು ಈಗ ಮೊಬೈಲ್ ಅಂಗಡಿಯಾಗಿದೆ. ರಿಜಿಸ್ಟರುಗಳೆಲ್ಲ ರದ್ದಿಗೆ ಹೋಗಿರಬೇಕು. ಬದುಕಿದ್ದರೆ ಆ ಹುಡುಗನಿಗೆ ಮೂವತ್ತೇಳೋ ಮೂವತ್ತೆಂಟೋ. ನನ್ನ ಅಕ್ಷರದ ಪ್ರಕಾರವಾದರೆ ನಲವತ್ತು ದಾಟಿದೆ.